ಮುಕ್ಕಾಲು ಮೇಜು

ರಸ್ತೆ ಬದಿಯಲ್ಲಿ ಯಾರೋ ಒಂದು ಮೇಜು ಬಿಟ್ಟು ಹೋಗಿದ್ದರು. ಒಳ್ಳೇ ಮರ. ಮೇಲುಹಲಗೆಯಲ್ಲಿ ಬಿಸಿ ಪಾತ್ರೆ ಇಟ್ಟ ಒಂದು ಬಿಳಿ ಉಂಗುರ ಬಿಟ್ಟರೆ ಬೇರೆ ಕಲೆಯಿಲ್ಲ. ದೂರದಿಂದಲೇ ಇದು ನನ್ನದೆಂದು ತೀರ್ಮಾನಿಸಿ, ಹೆಜ್ಜೆ ಚುರುಕು ಮಾಡಿ, ಹತ್ತಿರ ಹೋಗಿ ನೋಡಿದರೆ ಇರುವುದು ಮೂರೇ ಕಾಲು. ನಾಲ್ಕನೆಯದು ಮುರಿದಿರಲಿಲ್ಲ. ಮುರಿದಿದ್ದರೆ ನನಗೇನೂ ಸಿಟ್ಟಿಲ್ಲ, ಮುರಿಯುವುದು ಮರದ ಹಣೆಬರಹ. ಆದರೆ ಇದನ್ನು ಯಾರೋ ಕುಕ್ಕರಗಾಲಲ್ಲಿ ಕೂತು, ಸ್ಕ್ರೂಡ್ರೈವರ್ ಹಿಡಿದು, ಪುರುಸೊತ್ತಿನಲ್ಲಿ ಬಿಚ್ಚಿದ್ದರು. ಮೂಲೆಯಲ್ಲಿ ಸ್ಕ್ರೂಗಳ ತೂತು ಒಂದೂ ಬಾಯಿ ಬಿಡದೆ ಅಚ್ಚುಕಟ್ಟಾಗಿ ಉಳಿದಿತ್ತು.

ಒಂದೇ ಒಂದು ಕಾಲು ಇಟ್ಟುಕೊಂಡು ಮನುಷ್ಯ ಏನು ಮಾಡುತ್ತಾನೆ? ಕಳ್ಳ ಬಂದರೆ ಇರಲಿ ಎಂದು ಬಾಗಿಲ ಹಿಂದೆ ಒರಗಿಸಿಟ್ಟುಕೊಂಡಿರಬಹುದು. ಮಂಚದ ಕಾಲು ಮುರಿದು ಅದರ ಜಾಗಕ್ಕೆ ಬೇಕಾಗಿತ್ತೇನೋ ಅಂದುಕೊಂಡೆ. ಆದರೆ ಮೇಜಿನ ಕಾಲಿಗೆ ಮಂಚ ಕೂರಿಸಿದರೆ ಮಲಗಿದವರು ಬೆಳಗಾಗುವುದರೊಳಗೆ ಎದುರು ಗೋಡೆ ಸೇರಿರುತ್ತಾರೆ. ಅಣ್ಣ ತಮ್ಮಂದಿರು ಪಾಲಾಗುವಾಗ ಒಬ್ಬನಿಗೆ ಮುಕ್ಕಾಲು, ಇನ್ನೊಬ್ಬನಿಗೆ ಕಾಲು ಎಂದು ತೀರ್ಪಾಗಿರಲೂಬಹುದು. ಅಥವಾ ಇದು ಬರೀ ಹೊಟ್ಟೆಕಿಚ್ಚು: ನನಗಂತೂ ಬೇಡ, ಹಾಗಂತ ಇನ್ನೊಬ್ಬನಿಗೆ ಸಲೀಸಾಗಿ ದಕ್ಕಲೂಬಾರದು. ನನ್ನ ಅನುಮಾನವೆಲ್ಲ ಈ ಕೊನೆಯದರ ಮೇಲೆ.

ಯಾಕೆಂದರೆ ಇಂಥವರನ್ನು ನಾನು ಬಲ್ಲೆ. ಅವರ ಮುಖ ನೋಡಿಲ್ಲ, ಕೈಕೆಲಸ ನೋಡಿದ್ದೇನೆ. ಬರೆಯುವ ಮೇಜನ್ನು ಹೊರಗಿಟ್ಟು ಡ್ರಾಯರುಗಳನ್ನು ಮನೆಯಲ್ಲೇ ಉಳಿಸಿಕೊಳ್ಳುವವರು. ಪುಸ್ತಕದ ಕಪಾಟು ಇಟ್ಟು, ಹಲಗೆ ಕೂರಿಸುವ ಗುಬುಟುಗಳನ್ನು ಎಲ್ಲೋ ಬಿಸಾಡುವವರು. ದೀಪದ ವೈರನ್ನು ಬುಡಕ್ಕೇ ಕತ್ತರಿಸುವವರು. ವೈರಿನ ಮಾತು ಬಿಡಿ. ಕೆಟ್ಟ ದೀಪವನ್ನು ಯಾರೂ ಪ್ಲಗ್ಗಿಗೆ ಸಿಕ್ಕಿಸದಿರಲಿ ಎಂಬ ಕಾಳಜಿ ಇದ್ದೀತು. ಆದರೆ ಕುರ್ಚಿಯ ಬೆತ್ತದ ಹೆಣಿಗೆಯನ್ನು ಚಾಕುವಿನಿಂದ ಅಡ್ಡಡ್ಡ ಸೀಳಿ ಇಟ್ಟಿದ್ದು ನೋಡಿದ್ದೇನೆ. ಅದು ಯಾವ ಕಾಳಜಿ ಸ್ವಾಮೀ?

ಕಂಡವರು ಬಿಟ್ಟಿದ್ದನ್ನು ಯಾಕೆ ಹೊತ್ತು ತರುತ್ತೀಯ ಎಂದು ನನ್ನನ್ನು ಕೇಳದವರಿಲ್ಲ. ಇದಕ್ಕೆ ನನ್ನ ಬಳಿ ಒಂದು ಗಟ್ಟಿ ಉತ್ತರವಿದೆ, ಹೇಳುತ್ತೇನೆ. ಅದಕ್ಕೆ ಮೊದಲು ನಾಚಿಕೆಯ ವಿಷಯ ಇತ್ಯರ್ಥವಾಗಬೇಕು. ಗಟ್ಟಿಮುಟ್ಟಾದ ಸ್ಟೂಲನ್ನು ಹಾಡುಹಗಲೇ ಬೀದಿಗೆ ತಂದಿಟ್ಟು, ಕೈ ಝಾಡಿಸಿಕೊಂಡು, ಎದೆ ಸೆಟೆಸಿ ಒಳಗೆ ಹೋಗುತ್ತಾನೆ ಎಸೆಯುವವನು. ಎತ್ತಿಕೊಳ್ಳುವವನು ಮಾತ್ರ ಆ ಸ್ಟೂಲಿನ ಮುಂದೆ ಸುಮ್ಮನೆ ಹಾದುಹೋಗುವವನಂತೆ ಹೋಗಿ, ಏನೋ ಮರೆತವನಂತೆ ತಿರುಗಿ ಬಂದು, ಬಾರದ ಫೋನ್ ಕರೆಗೆ ಹಲೋ ಹಲೋ ಎನ್ನುತ್ತ ನಿಂತು, ಬೀದಿ ಖಾಲಿಯಾಗುವುದನ್ನೇ ಕಾಯಬೇಕು. ಸಾಮಾನು ಹಾಳು ಮಾಡಿದವನಿಗೆ ಇಲ್ಲದ ಸಂಕೋಚ ಉಳಿಸಲು ಬಂದವನಿಗೆ!

ಕಾನೂನಿಗೂ ನಮ್ಮ ಮೇಲೆ ಅಂಥ ಗೌರವವೇನಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ, ಕ್ಯಾಲಿಫೋರ್ನಿಯಾ ರಾಜ್ಯಕ್ಕೂ ಗ್ರೀನ್‌ವುಡ್ ಎಂಬಾತನಿಗೂ ನಡೆದ ಒಂದು ಮೊಕದ್ದಮೆ ಬಂದಿತ್ತು. ಆತ ಮನೆ ಮುಂದಿಟ್ಟ ಕಸದ ಚೀಲಗಳನ್ನು ಪೊಲೀಸರು ವಾರಂಟ್ ಇಲ್ಲದೆ ತರಿಸಿಕೊಂಡು ಜಾಲಾಡಿದ್ದರು. ಬೀದಿಗಿಟ್ಟ ಕಸದಲ್ಲಿ ಖಾಸಗಿತನದ ಹಕ್ಕು ಉಳಿಯುವುದಿಲ್ಲ ಎಂದು 1988ರಲ್ಲಿ ತೀರ್ಪಾಯಿತು. ಅಲ್ಲಿಗೆ ಸರಿ. ಆದರೆ ಅಂಥ ಚೀಲ ಯಾರ ಯಾರ ಕೈಗೆ ಸಿಗುತ್ತದೆ ಎಂದು ತೀರ್ಪಿನಲ್ಲಿ ಒಂದು ಪಟ್ಟಿ ಇದೆ: ಪ್ರಾಣಿಗಳು, ಮಕ್ಕಳು, ಕಸ ಆಯುವವರು, ಕಂಡವರ ವಿಷಯಕ್ಕೆ ಮೂಗು ತೂರಿಸುವವರು, ಆಮೇಲೆ ಉಳಿದ ಸಾರ್ವಜನಿಕರು. ಮಕ್ಕಳು ನಮಗಿಂತ ಮುಂದಿರುವುದಕ್ಕೆ ನನ್ನ ತಕರಾರಿಲ್ಲ. ಪ್ರಾಣಿಗಳೂ ಇರಲಿ. ಮೂಗು ತೂರಿಸುವವರ ಪಕ್ಕದಲ್ಲೇ ನಮ್ಮನ್ನು ಕೂರಿಸಬೇಕಿತ್ತೇ?

ನಮ್ಮ ಭಾವನವರ ಮಾತು ಬೇರೆ. ನಾನು ತಂದ ಕುರ್ಚಿಯ ಮೇಲೇ ಕೂತು "ಇದ್ಯಾವ ತಿಪ್ಪೆದಪ್ಪಾ?" ಎಂದು ಕೇಳುವ ದೊಡ್ಡ ಮನಸ್ಸು ಅವರದು. ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ನನ್ನ ಪಕ್ಷಕ್ಕೆ ಬಂದುಬಿಟ್ಟರು. ಕಾರಣ ಅವರು ಎಲ್ಲೋ ಓದಿದ ಒಂದು ಸುದ್ದಿ. 2003ರಲ್ಲಿ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಕಾಫಿಗೆಂದು ಹೊರಟ ಹೆಂಗಸೊಬ್ಬರಿಗೆ ಪಾದಚಾರಿ ದಾರಿಯಲ್ಲಿ, ಕಸದ ಚೀಲಗಳ ನಡುವೆ, ದೊಡ್ಡದೊಂದು ವರ್ಣಚಿತ್ರ ಕಂಡಿತು. ಆಕೆಗೆ ಚಿತ್ರಕಲೆಯ ಗಂಧವಿರಲಿಲ್ಲ. ಚಿತ್ರದಲ್ಲಿ ಏನೋ ಸೆಳೆತವಿದೆ ಅನ್ನಿಸಿತು, ಹೊತ್ತುಕೊಂಡು ಹೋಗಿ ಮನೆಯ ಗೋಡೆಗೆ ಹಾಕಿಕೊಂಡರು. ಮುಂದೆ ವಿಚಾರಿಸುತ್ತ ಹೋದಾಗ ತಿಳಿದದ್ದು, ಅದು ಮೆಕ್ಸಿಕೋದ ರುಫಿನೋ ತಮಾಯೋ 1970ರಲ್ಲಿ ಬರೆದ ಚಿತ್ರ, 1987ರಲ್ಲಿ ಹ್ಯೂಸ್ಟನ್ನಿನ ಒಂದು ಉಗ್ರಾಣದಿಂದ ಕಳುವಾಗಿತ್ತು ಎಂದು. 2007ರ ಹರಾಜಿನಲ್ಲಿ ಅದು 10 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಆ ಹೆಂಗಸಿಗೆ ಸಿಕ್ಕಿದ್ದು 15,000 ಡಾಲರ್ ಬಹುಮಾನ, ಜೊತೆಗೆ ಹರಾಜು ಸಂಸ್ಥೆಯಿಂದ ಒಂದಿಷ್ಟು ಹಣ.

ಭಾವನವರು ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, ಹೇಳಿ ನನ್ನ ಕಡೆ ಅರ್ಥಗರ್ಭಿತವಾಗಿ ನೋಡುತ್ತಾರೆ. ನನಗೆ ಈ ಕಥೆ ಕೇಳಿದರೆ ಮೈ ಉರಿಯುತ್ತದೆ. ಹೆಂಗಸಿನ ಮೇಲಲ್ಲ, ಇಷ್ಟವಾಯಿತು, ತಂದರು, ಗೋಡೆಗೆ ಹಾಕಿದರು, ಅಷ್ಟು ಶುದ್ಧವಾದ ಕೆಲಸ ಇನ್ನೊಂದಿಲ್ಲ. ನನ್ನ ಸಿಟ್ಟು ಹರಾಜಿನ ಮೇಲೆ. ಇದನ್ನು ಕೇಳಿದ ಮೇಲೆ ಜನ ನಾನು ತಂದ ಸ್ಟೂಲನ್ನು ತಲೆಕೆಳಗು ಮಾಡಿ ಸಹಿ ಹುಡುಕುತ್ತಾರೆ. ಕಾಣದಿದ್ದರೆ "ಪಾಪ" ಎನ್ನುತ್ತಾರೆ. ಸ್ಟೂಲಿನ ಮೇಲೆ ಕೂರಬಹುದು ಎಂಬುದು ಯಾರಿಗೂ ಲಾಭವಾಗಿ ಕಾಣುವುದಿಲ್ಲ. ಅಷ್ಟಕ್ಕೂ ಆ ಚಿತ್ರವನ್ನು ತಂದು ಕಸದ ನಡುವೆ ನಿಲ್ಲಿಸಿದವನು ಯಾರು? ಹಿಂದಿನ ರಾತ್ರಿ ಅವನ ಮನೆಯಲ್ಲಿ ಏನು ನಡೆದಿತ್ತು? ಬೆಲೆ ಗೊತ್ತಿದ್ದು ಹೆದರಿ ಬಿಟ್ಟನೋ, ಗೊತ್ತಿಲ್ಲದೆ ಜಾಗ ಸಾಲದೆ ಬಿಟ್ಟನೋ? ಕೇಳಬೇಕಾದ ಕಥೆ ಅದು. ಭಾವನವರಿಗೆ ಅದರಲ್ಲಿ ಆಸಕ್ತಿಯಿಲ್ಲ, ಅವರಿಗೆ ಡಾಲರ್ ಸಾಕು.

ಉತ್ತರಕ್ಕೆ ಬರುತ್ತೇನೆ. ಆದರೆ ನಾನು ಸಿಕ್ಕಿದ್ದೆಲ್ಲ ಹೊತ್ತು ತರುತ್ತೇನೆ ಎಂಬ ಅಪವಾದ ಉಳಿಯಬಾರದು. ಸೋಫಾ, ಹಾಸಿಗೆ ನಾನು ಮುಟ್ಟುವುದಿಲ್ಲ. ತಿಗಣೆ ರಕ್ತವಿಲ್ಲದೆ ತಿಂಗಳುಗಟ್ಟಲೆ ಕಾಯಬಲ್ಲದು. ನನಗೆ ಅಷ್ಟು ತಾಳ್ಮೆಯಿಲ್ಲ. ಮರದ್ದಾದರೂ ಟಾರ್ಚ್ ಬಿಟ್ಟು ಸಂದುಗೊಂದು, ಸ್ಕ್ರೂ ತೂತು ಎಲ್ಲ ನೋಡುತ್ತೇನೆ. ಕಪ್ಪು ಚುಕ್ಕಿಗಳ ಸಾಲು ಕಂಡರೆ ಇಟ್ಟಲ್ಲೇ ಇಟ್ಟು ಕೈ ಮುಗಿಯುತ್ತೇನೆ. ಪಾರ್ಟಿಕಲ್ ಬೋರ್ಡಾದರೆ ಅಂಚಿಗೆ ಬೆರಳಾಡಿಸಿದರೆ ಸಾಕು. ಒಮ್ಮೆ ನೀರು ಕುಡಿದು ಉಬ್ಬಿದ್ದು ಜನ್ಮದಲ್ಲಿ ಇಳಿಯುವುದಿಲ್ಲ, ಅದರಲ್ಲಿ ಸ್ಕ್ರೂ ನಿಲ್ಲುವುದೂ ಇಲ್ಲ.

ಹಳೇ ಕುರ್ಚಿ ಸಿಕ್ಕಿತೋ, ಅದು ಹಬ್ಬ. ಅಲ್ಲಾಡುತ್ತಿದ್ದರೆ ಇನ್ನೂ ಒಳ್ಳೆಯದು. ಹಿಂದಿನ ಬಡಗಿಗಳು ತೊಗಲು ಮೂಳೆ ಬೇಯಿಸಿದ ಸರೇಸು ಬಳಸುತ್ತಿದ್ದರು; ಬಿಸಿನೀರಿನ ಬಟ್ಟೆ ಸುತ್ತಿಟ್ಟರೆ ಅಂಟು ಮೆತ್ತಗಾಗಿ, ಸುತ್ತಿಗೆಯ ಹಿಡಿಯಿಂದ ನಾಲ್ಕು ಮೊಟಕು ಮೊಟಕಿದರೆ ಕಾಲು ತಾನಾಗಿ ಹೊರಗೆ ಬರುತ್ತದೆ. ಕೆರೆದು, ಹೊಸ ಅಂಟು ಹಚ್ಚಿ, ಹಗ್ಗ ಬಿಗಿದು ರಾತ್ರಿ ಬಿಟ್ಟರೆ ಮತ್ತೆ ಒಂದು ತಲೆಮಾರಿಗೆ ಚಿಂತೆಯಿಲ್ಲ. ಆದರೆ ನಡುವೆ ಯಾವನೋ ಪುಣ್ಯಾತ್ಮ ಅಲ್ಲಾಡುತ್ತದೆಂದು ಸಂದಿಗೆ ಮೊಳೆ ಜಡಿದಿರುತ್ತಾನೆ. ಮರ ಸೀಳಿರುತ್ತದೆ. ಮೊಳೆ ತುಕ್ಕು ಹಿಡಿದಿರುತ್ತದೆ. ಕುರ್ಚಿ ಆಮೇಲೂ ಅಲ್ಲಾಡುತ್ತದೆ.

ಮನೆಯಲ್ಲಿ ಜಾಗ ಸಾಲದೆ ಮೊನ್ನೆ ನಾನೂ ಒಂದು ಕುರ್ಚಿ ಹೊರಗಿಡಬೇಕಾಯಿತು. ಒರೆಸಿ, ಮಳೆಯಿಲ್ಲದ ದಿನ ನೋಡಿ, ಬಿಡಿ ಸ್ಕ್ರೂಗಳನ್ನು ಪೊಟ್ಟಣ ಕಟ್ಟಿ ಅಡಿಗೆ ಅಂಟಿಸಿ, "ಗಟ್ಟಿಯಾಗಿದೆ, ಕೂರಬಹುದು" ಎಂದು ಚೀಟಿ ಬರೆದು ಇಟ್ಟು, ಕಿಟಕಿಯ ಪರದೆ ಹಿಂದೆ ನಿಂತೆ. ಸಂಜೆಗೆ ಒಬ್ಬ ಬಂದ. ನಮ್ಮ ಪೈಕಿಯವನೇ ಎಂದು ಎರಡನೇ ಸಲ ಹಾದುಹೋದಾಗ ಖಾತ್ರಿಯಾಯಿತು. ಕುರ್ಚಿಯನ್ನು ಮಗುಚಿದ, ಟಾರ್ಚ್ ಬಿಟ್ಟ, ಸಂದುಗಳಿಗೆ ಉಗುರು ಹಾಕಿ ನೋಡಿದ, ಕೂತು ಹಿಂದೆ ಮುಂದೆ ತೂಗಿದ, ಚೀಟಿ ಓದಿದ. ಎದ್ದು, ತಲೆ ಅಲ್ಲಾಡಿಸಿ ಹೊರಟೇಹೋದ. ಏನು ಕೊರತೆ ಕಂಡಿತು ಅವನಿಗೆ? ನಾನೇ ಕೈಯಾರೆ ಬಿಗಿದ ಕುರ್ಚಿ ಅದು! ಚಪ್ಪಲಿ ಮೆಟ್ಟಿಕೊಂಡು ಓಡಿದೆ, ಅಷ್ಟರಲ್ಲಿ ತಿರುವು ದಾಟಿಬಿಟ್ಟಿದ್ದ.