ಅಮ್ಮ ತನ್ನ ಮನೆಗೇ ಅರ್ಜಿದಾರಳಾದಾಗ

ನಾನಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಪಕ್ಕದ ಮನೆಯ ಅಜ್ಜಿಯ ಗಂಡ ತೀರಿಕೊಂಡ ಮೇಲೆ ಒಂದು ಸಂಜೆ ಅವರ ಅಡುಗೆಮನೆಯಲ್ಲಿ ಕೂತು ಫಾರಂ ತುಂಬಿಕೊಟ್ಟೆ. ತೀರಿಕೊಂಡ ಜಂಟಿ ಮಾಲೀಕರ ಹೆಸರು ತೆಗೆಸುವ ಫಾರಂ ಅದು, ಡಿಜೆಪಿ ಅಂತ ಹೆಸರು. ಮನೆಯ ಟೈಟಲ್ ನಂಬರ್, ಹೋದವರ ಹೆಸರು, ಒಂದು ಸಹಿ, ಜೊತೆಗೆ ಮರಣ ಪತ್ರ. ಲ್ಯಾಂಡ್ ರಿಜಿಸ್ಟ್ರಿಗೆ, ಅಂದರೆ ಇಲ್ಲಿನ ಆಸ್ತಿ ನೋಂದಣಿ ಕಚೇರಿಗೆ, ಅಂಚೆಗೆ ಹಾಕಿದರೆ ಮುಗಿಯಿತು, ಶುಲ್ಕವೂ ಇಲ್ಲ. ಮನೆ ಕೊಳ್ಳುವಾಗಲೇ ಇಬ್ಬರೂ ಜಾಯಿಂಟ್ ಟೆನೆಂಟ್ಸ್, ಅಂದರೆ ಜಂಟಿ ಮಾಲೀಕರು ಅಂತ ಬರೆಸಿದ್ದರು, ಹಾಗಾಗಿ ಒಬ್ಬರು ಹೋದ ಕೂಡಲೇ ಇಡೀ ಮನೆ ಉಳಿದವರದ್ದು.

ಅದೇ ವರ್ಷ ನಮ್ಮಪ್ಪನೂ ಹೋದರು. ಮಲೆನಾಡಿನ ನಮ್ಮೂರಿನ ಮನೆ ಅವರ ಸ್ವಂತ ದುಡಿಮೆಯದ್ದು, ಪತ್ರದಲ್ಲಿ ಅವರೊಬ್ಬರದೇ ಹೆಸರು, ವಿಲ್ ಇಲ್ಲ. ಖಾತೆ ಬದಲಾವಣೆಯ ಅರ್ಜಿಯಲ್ಲಿ "ಅರ್ಜಿದಾರರಿಗೂ ಮೃತರಿಗೂ ಇರುವ ಸಂಬಂಧ" ಅಂತ ಒಂದು ಸಾಲು. ಅಮ್ಮ ಪೆನ್ನು ಹಿಡಿದು ಸುಮ್ನೆ ಕೂತರು. "ಮೂವತ್ತೆಂಟು ವರ್ಷ ಈ ಹೊಸಿಲಿಗೆ ರಂಗೋಲಿ ಹಾಕಿದೀನಿ ಕಣೋ. ಈಗ ನಾನ್ಯಾರು ಅಂತ ಬರೆದು ಕೊಡ್ಬೇಕಾ?"

ಆಮೇಲೆ ಶುರುವಾಯಿತು ನೋಡಿ. ಮರಣ ಪತ್ರ, ವಂಶವೃಕ್ಷ, ಅಫಿಡವಿಟ್, ಇ.ಸಿ. (ಋಣಭಾರ ಪತ್ರ), ಕಂದಾಯದ ರಸೀದಿ. ವಂಶವೃಕ್ಷದಲ್ಲಿ ನನ್ನ ಹೆಸರಿನ ಒಂದಕ್ಷರ ತಪ್ಪಿ ಮತ್ತೆ ಮೊದಲಿಂದ. ಇದೆಲ್ಲ ಹೋಗಲಿ, ನಮಗೆ ಯಾರಿಗೂ ಹೊಳೆಯದೇ ಇದ್ದದ್ದು ನಮ್ಮಜ್ಜಿಯ, ಅಂದರೆ ಅಪ್ಪನ ಅಮ್ಮನ ವಿಷಯ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್ ಇಲ್ಲದೆ ಗಂಡಸು ತೀರಿಕೊಂಡರೆ ಹೆಂಡತಿ, ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ಅಮ್ಮ, ನಾನು, ತಂಗಿ, 89ರ ಅಜ್ಜಿ. ನಾಲ್ಕರಲ್ಲಿ ಒಂದು ಪಾಲು ಅಜ್ಜಿಯದು. ಅಜ್ಜಿಯೂ ಹೋಗಿಬಿಟ್ಟರೆ ಆ ಪಾಲು ಚಿಕ್ಕಪ್ಪ, ಅತ್ತೆಯಂದಿರಿಗೂ ಹಂಚಿಹೋಗುತ್ತದೆ. "ಅವರು ಇರೋವಾಗ್ಲೇ ರಿಲೀಸ್ ಡೀಡ್, ಪಾಲು ಬಿಟ್ಟುಕೊಡೋ ಪತ್ರ, ಮಾಡಿಸ್ಕೊಳ್ಳಿ" ಅಂದರು ವಕೀಲರು, ಅದೂ ಅಜ್ಜಿಯ ಎದುರಿಗೇ. ಕಿವಿ ಸರಿಯಾಗಿ ಕೇಳದ್ದು ಪುಣ್ಯ.

ಮೂರು ವಾರ ರಜೆ ಹಾಕಿ ಹೋದೆ. ನೋಂದಣಿ ದಿನ ಬೆರಳಚ್ಚಿನ ಯಂತ್ರ ಅಜ್ಜಿಯ ಹೆಬ್ಬೆರಳು ಹಿಡಿಯಲೇ ಇಲ್ಲ, ಅಷ್ಟು ಸವೆದಿತ್ತು. ತಂಗಿ ಸೆರಗಿನಿಂದ ಒರೆಸಿ ಒರೆಸಿ ಇಟ್ಟಳು. ನಾಲ್ಕನೇ ಸಲಕ್ಕೆ ಬಂತು. ಹೊರಗೆ ಬಂದ ಮೇಲೆ ಅಜ್ಜಿ ಕೇಳಿದರು, "ನನ್ನ ಮಗನ ಮನೇಲಿ ನಂಗೂ ಪಾಲಿತ್ತೇನೋ?"

ಇಂಗ್ಲೆಂಡ್ ಸ್ವರ್ಗ, ನಮ್ಮದು ನರಕ ಅಂತ ನಾನು ಹೇಳುತ್ತಿಲ್ಲ. ಮನೆ ಗಂಡನೊಬ್ಬನ ಹೆಸರಲ್ಲಿದ್ದರೆ ಇಲ್ಲೂ ಪ್ರೊಬೇಟ್ ಅಂತ, ಅಂದರೆ ಆಸ್ತಿ ವಿಲೇವಾರಿಗೆ ಕೋರ್ಟಿನ ಅನುಮತಿಗೆ, ತಿಂಗಳುಗಟ್ಟಲೆ ಕಾಯಬೇಕು. ವಿಲ್ ಇಲ್ಲದಿದ್ದರೆ ಮೊದಲ 3,22,000 ಪೌಂಡ್ ಮತ್ತು ಉಳಿದದ್ದರಲ್ಲಿ ಅರ್ಧ ಹೆಂಡತಿಗೆ, ಮಿಕ್ಕಿದ್ದು ಮಕ್ಕಳಿಗೆ. ಹೆತ್ತ ತಾಯಿಗೆ ಬಿಡಿಗಾಸೂ ಇಲ್ಲ. ವಯಸ್ಸಾದ ತಾಯಿಯನ್ನೂ ಲೆಕ್ಕಕ್ಕೆ ತಂದುಕೊಂಡ ನಮ್ಮ ಕಾನೂನೇ ನನಗೆ ಹೆಚ್ಚು ಮನುಷ್ಯತ್ವದ್ದು ಅನಿಸುತ್ತದೆ. ನನಗೆ ಸಿಟ್ಟಿರುವುದು ನಮ್ಮ ಗಂಡಸರ ಮೇಲೆ. ಸೈಟು, ಸಾಲ, ಗೃಹಪ್ರವೇಶ ಎಲ್ಲಕ್ಕೂ ಹೆಂಡತಿ ಬೇಕು, ಪತ್ರದಲ್ಲಿ ಮಾತ್ರ ಹೆಸರು ಬೇಡ. ವಿಲ್ ಮಾತೆತ್ತಿದರೆ "ಅಪಶಕುನ ನುಡೀಬೇಡ" ಅನ್ನುತ್ತಾರೆ.

ವಿದೇಶದಲ್ಲಿರುವ ನಮ್ಮವರು ಇನ್ನೊಂದು ತಪ್ಪು ಮಾಡುತ್ತಾರೆ. ಊರಲ್ಲಿ ಜಂಟಿ ಹೆಸರಲ್ಲಿ ಫ್ಲ್ಯಾಟ್ ತಗೊಂಡು, ಇಲ್ಲಿನ ಹಾಗೇ ತಾನಾಗಿ ಹೆಂಡತಿಗೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಹಾಗಾಗುವುದಿಲ್ಲ, ಗಂಡನ ಪಾಲು ಮತ್ತೆ ವಾರಸುದಾರರಿಗೆಲ್ಲ ಹಂಚಿಕೆಯಾಗುತ್ತದೆ. ಖಾತೆಯಲ್ಲಿ ಹೆಸರು ಬಂದರೂ ಅದು ಕಂದಾಯದ ದಾಖಲೆಯೇ ಹೊರತು ಮಾಲೀಕತ್ವ ಅಲ್ಲ. ಹೆಸರು ಹಾಕಿಸುವುದರ ಜೊತೆಗೆ ವಿಲ್ ಕೂಡ ಬೇಕು. ಬಿಳಿ ಹಾಳೆ, ಇಬ್ಬರು ಸಾಕ್ಷಿ ಸಾಕು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ.

ನಾನೇನೂ ಜಾಣನಲ್ಲ. ಬೆಂಗಳೂರಿನ ನನ್ನ ಫ್ಲ್ಯಾಟೂ ಹೋದ ತಿಂಗಳವರೆಗೆ ಹೀಗೇ ಇತ್ತು. ಒಂದು ಭಾನುವಾರ ಕೂತು ವಿಲ್ ಬರೆದೆ. ಹೆಂಡತಿಗೆ ಕಣ್ಣು ತುಂಬಿ ಬರಬಹುದು ಅಂದುಕೊಂಡಿದ್ದೆ. ಅವಳು ಎರಡು ಸಲ ಓದಿ, "ರೀ, ಫ್ಲ್ಯಾಟ್ ನಂಬರೇ ತಪ್ಪು ಬರ್ದಿದೀರಲ್ಲ" ಅಂದಳು.