ಸೆನ್ನುವಿಯ ಮುಂದೆ ಅಪ್ಪ

2019ರ ಡಿಸೆಂಬರ್. ಬಾಸ್ಟನ್ನಿನ ಚಳಿಗೆ ಹೆದರಿ ಒಳಗೆ ಬಂದ ಮೇಲೂ ಮಂಕಿ ಟೊಪ್ಪಿ ತೆಗೆಯದ ಅಪ್ಪನನ್ನು ಇಲ್ಲಿನ ಫೈನ್ ಆರ್ಟ್ಸ್ ಮ್ಯೂಸಿಯಮ್ಮಿಗೆ ಕರೆದೊಯ್ದಿದ್ದೆ. ನೈಲ್ ತೀರದ ಪ್ರಾಚೀನ ನೂಬಿಯಾದ ಪ್ರದರ್ಶನವಿತ್ತು. ಯಲ್ಲಾಪುರದ ಕಡೆ ಮೂವತ್ತು ವರ್ಷ ಇತಿಹಾಸ ಕಲಿಸಿದವರು, ಒಂದು ಫಲಕವನ್ನೂ ಬಿಡುವವರಲ್ಲ. ಅರ್ಧ ಗಂಟೆಯ ಬಳಿಕ ನನ್ನನ್ನು ಕರೆದರು. ‘ತಮ್ಮ ತಪ್ಪನ್ನು ತಾವೇ ಬರೆದು ಗೋಡೆಗೆ ಹಾಕಿಕೊಂಡಿದ್ದಾರಲ್ಲ ಮಾರಾಯ!’

ತಪ್ಪು ಚಿಕ್ಕದಲ್ಲ. 1913ರಲ್ಲಿ ಇದೇ ಮ್ಯೂಸಿಯಂ ಮತ್ತು ಹಾರ್ವರ್ಡಿನ ಪರವಾಗಿ ಜಾರ್ಜ್ ರೈಸ್ನರ್ ಸುಡಾನಿನ ಕೆರ್ಮಾದಲ್ಲಿ ಅಗೆಯತೊಡಗಿದ. ದೊಡ್ಡದೊಂದು ಸಮಾಧಿ ದಿಬ್ಬದೊಳಗೆ ಈಜಿಪ್ಟಿನ ಪ್ರಾಂತಾಧಿಕಾರಿ ಜೆಫಾಇಹಾಪಿಯ ವಿಗ್ರಹದ ಚೂರು, ಅವನ ಹೆಂಡತಿ ಸೆನ್ನುವಿಯ ಸೊಗಸಾದ ಶಿಲಾಮೂರ್ತಿ ಸಿಕ್ಕವು. ಹಾಗಾದರೆ ಕೆರ್ಮಾ ಈಜಿಪ್ಟಿನ ಠಾಣೆ, ಸಮಾಧಿ ಆ ಅಧಿಕಾರಿಯದೇ ಎಂದು ರೈಸ್ನರ್ ಬರೆದ. ಆದರೆ ಆ ಅಧಿಕಾರಿ ತನಗಾಗಿ ಕೊರೆಸಿಕೊಂಡ ಗೋರಿ ಈಜಿಪ್ಟಿನ ಅಸ್ಯೂಟಿನಲ್ಲಿತ್ತು. ಮೂರ್ತಿಯಂತೂ ಸಮಾಧಿಗಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಳೆಯದು. ಅದು ನೂಬಿಯಾದವರದೇ ರಾಜ್ಯವಾದ ಕುಶ್‌ನ ದೊರೆಯ ಸಮಾಧಿ, ಮೂರ್ತಿಗಳು ಈಜಿಪ್ಟಿನಿಂದ ಅಲ್ಲಿಗೆ ಬಂದ ಕೊಳ್ಳೆ ಎಂಬುದು ಇಂದಿನ ವಿದ್ವಾಂಸರ ಮಾತು. ಕಪ್ಪು ಜನ ಇಷ್ಟು ಕಟ್ಟಿರಲಾರರು ಎಂಬ ತೀರ್ಪು ರೈಸ್ನರನ ತಲೆಯಲ್ಲಿ ಗುದ್ದಲಿ ಹಿಡಿಯುವ ಮೊದಲೇ ಇತ್ತು. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಈಜಿಪ್ಟನ್ನೇ ಗೆದ್ದ ಕುಶ್ ದೊರೆ ಪಿಯೆಯ ಮನೆತನಕ್ಕೂ ಅವನು ಲಿಬಿಯಾದ ಮೂಲ ಹುಡುಕಿಕೊಟ್ಟ. ಹೆಣ್ಣು ನೋಡಲು ಬಂದವರು ‘ಹುಡುಗಿ ಸ್ವಲ್ಪ ಕಪ್ಪು, ಆದರೆ ತಾಯಿಯ ಕಡೆಯವರು ಬೆಳ್ಳಗೆ’ ಎಂದು ಸಮಾಧಾನ ಮಾಡಿಕೊಳ್ಳುತ್ತಾರಲ್ಲ, ಹಾಗೆ. 2003ರಲ್ಲಿ ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ ತಂಡ ಕೆರ್ಮಾದ ಪಕ್ಕದಲ್ಲೇ ತಹರ್ಕಾ ಮೊದಲಾದ ಐವರು ಕುಶ್ ದೊರೆಗಳ ಏಳು ಒಡೆದ ಮೂರ್ತಿಗಳನ್ನು ಹೊಂಡದಿಂದ ಹೊರತೆಗೆಯಿತು.

ನನಗೆ ಚುಚ್ಚಿದ್ದು ಬೇರೆ. ಇವರು ನೂರು ವರ್ಷ ಹಿಂದಿನ ತಮ್ಮ ಪಂಡಿತನ ಬಣ್ಣದ ಪೂರ್ವಗ್ರಹವನ್ನು ಹೆಸರು ಹಿಡಿದು ಹೇಳುತ್ತಾರೆ. ಶಾಲೆಯ ಪ್ರವಾಸದಲ್ಲಿ ಗೋಳಗುಮ್ಮಟಕ್ಕೆ ಹೋದ ನಾವು ಕೂಗಿದ್ದು ಏಳು ಸಲ ಮರಳುತ್ತದೆಯೇ ಎಂದು ಎಣಿಸಿದೆವು. ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು ಎಂದು ಯಾರೂ ಹೇಳಲಿಲ್ಲ. ಅದೇ ಆಫ್ರಿಕಾ ಮೂಲದ ಸಿದ್ದಿ ಜನಾಂಗದ, ನಮ್ಮದೇ ತರಗತಿಯ ಹುಡುಗನನ್ನು ಹೊಸದಾಗಿ ಬಂದ ಮೇಷ್ಟ್ರು ‘ಯಾವ ದೇಶದಿಂದ ಬಂದೆಯೋ?’ ಎಂದು ಕೇಳಿದರು. ಕನ್ನಡದಲ್ಲಿ ನನಗಿಂತ ಹತ್ತು ಅಂಕ ಹೆಚ್ಚು ತೆಗೆಯುತ್ತಿದ್ದವನು ಅವನು. ಸ್ನೇಹ ಸಮ್ಮೇಳನದ ಯಕ್ಷಗಾನದಲ್ಲಿ ಪ್ರತಿ ವರ್ಷ ಅವನಿಗೆ ರಾಕ್ಷಸನ ವೇಷ. ಪಾತ್ರ ಹಂಚುತ್ತಿದ್ದವರು ಅಪ್ಪ. ಊರಿನ ಬಗ್ಗೆ ನನ್ನ ಸಿಟ್ಟು ಇಲ್ಲಿಂದಲೇ ಶುರುವಾಗುತ್ತದೆ, ಮುಚ್ಚಿಡುವುದೇಕೆ?

ಬಾಸ್ಟನ್ನನ್ನು ಹೊಗಳುವಾಗ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತಪ್ಪೊಪ್ಪಿಗೆ ಬರಲು ನೂರು ವರ್ಷ ಹಿಡಿಯಿತು, ಸೆನ್ನುವಿ ಇನ್ನೂ ಇಲ್ಲೇ ಕುಳಿತಿದ್ದಾಳೆ. ಕೆರ್ಮಾದ ಮಗುವೊಂದು ಅವಳನ್ನು ನೋಡಬೇಕೆಂದರೆ ಮೊದಲು ಅಮೆರಿಕದ ವೀಸಾ ಬೇಕು. ಊರಿನಲ್ಲಿಯೂ ಏನೂ ಆಗಿಲ್ಲ ಎನ್ನುವಂತಿಲ್ಲ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಆ ಸುದ್ದಿ ಹೇಳಲು ಅಪ್ಪ ಫೋನ್ ಮಾಡಿದ್ದರು. ಮಳೆ, ಅಡಕೆಗೆ ಕೊಳೆರೋಗ, ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ನಿನ್ನ ತರಗತಿಯಲ್ಲಿದ್ದನಲ್ಲ, ಅವನ ಕಂಠ ಚೆನ್ನಾಗಿತ್ತು. ಅಭಿಮನ್ಯು ಮಾಡಿಸಬಹುದಿತ್ತು.’