ಕೆಂಪು ನಕ್ಷೆಯ ಬಿಸಿ ಗಾಳಿಯದ್ದಲ್ಲ

ಬೇಸಿಗೆ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಡುಗೆಂಪು ಉಪಗ್ರಹ ನಕ್ಷೆಯೊಂದು ಓಡಾಡುತ್ತದೆ. ನಿಜವಾದ ತಾಪಮಾನ 50 ಡಿಗ್ರಿ ದಾಟಿದೆ, 40 ಎಂದು ಹೇಳಿ ಮುಚ್ಚಿಡುತ್ತಿದ್ದಾರೆ ಎಂಬುದು ಅದರ ಸಾರ. ಮನೆಯವರ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ನಕ್ಷೆಯೂ ಎಷ್ಟೋ ಸಲ ಅಸಲಿಯೇ. ತಪ್ಪಿರುವುದು ಅದನ್ನು ಓದಿದ ರೀತಿಯಲ್ಲಿ.

2013ರಲ್ಲಿ ಹಾರಿದ ಇನ್ಸಾಟ್-3ಡಿ ತರಹದ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಿಂದ, ನೆಲ ಸೂಸುವ ಅವಕೆಂಪು (ಇನ್‌ಫ್ರಾರೆಡ್, ಕಣ್ಣಿಗೆ ಕಾಣದ) ವಿಕಿರಣವನ್ನು ಅಳೆಯುತ್ತವೆ. ಅದರಿಂದ ಲೆಕ್ಕ ಹಾಕಿದರೆ ಸಿಗುವುದು ನೆಲದ ಮೈಬಿಸಿ. ಹವಾಮಾನ ವರದಿಯ ತಾಪಮಾನವೋ, ನೆರಳಿನ ಪೆಟ್ಟಿಗೆಯೊಳಗೆ, ಹೆಚ್ಚುಕಡಿಮೆ ಆಳೆತ್ತರದಲ್ಲಿ ಅಳೆದ ಗಾಳಿಯದ್ದು. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಕೋಟೆಯ ಬಂಡೆ ಮೇಲೆ ಬರಿಗಾಲಿಟ್ಟವರಿಗೆ ಗೊತ್ತು: ಅಂಗಾಲು ಚುರ್ರೆನ್ನುತ್ತದೆ, ಪಕ್ಕದ ಬೇವಿನ ನೆರಳಲ್ಲಿ ನಿಲ್ಲಬಹುದು. ಎರಡೂ ನಿಜ, ಎರಡೂ ಬೇರೆ. ದಟ್ಟ ಮೋಡ ಅಡ್ಡ ಬಂದರಂತೂ ಉಪಗ್ರಹಕ್ಕೆ ಕಾಣುವುದು ಮೋಡದ ನೆತ್ತಿಯ ಚಳಿಯೇ.

ಹವಾಗುಣದ ಕಂಪ್ಯೂಟರ್ ಮಾದರಿಯನ್ನು, ಅಂದರೆ ನೆಲ, ಗಾಳಿ, ಮೋಡಗಳನ್ನು ಲೆಕ್ಕದಲ್ಲೇ ಅನುಕರಿಸುವ ಪ್ರೋಗ್ರಾಮನ್ನು, ಕಟ್ಟುವವರು ಇದೇ ಗೊಂದಲ ತಪ್ಪಿಸಲು ಒಂದು ಉಪಾಯ ಮಾಡುತ್ತಾರೆ. ಮಾದರಿಯೊಳಗಿನ ನೆಲ, ತೇವಾಂಶ, ಮೋಡಗಳನ್ನು ಇಟ್ಟುಕೊಂಡು, ಅದರ ಮೇಲೊಂದು ಉಪಗ್ರಹ ಇದ್ದಿದ್ದರೆ ಎಷ್ಟು ವಿಕಿರಣ ಕಾಣುತ್ತಿತ್ತು ಎಂದು ಲೆಕ್ಕ ಹಾಕಿ, ಆಮೇಲೆ ನಿಜವಾದ ಅಳತೆಯ ಪಕ್ಕ ಇಡುತ್ತಾರೆ. ಸೇರಿಗೆ ಸೇರನ್ನೇ ಹೋಲಿಸುವ ಈ ಶಿಸ್ತು ನನಗೆ ಬಹಳ ಇಷ್ಟ.

ಮುಂದಿನ ಸಲ ನಕ್ಷೆ ಬಂದಾಗ ಅಂಚಿನ ಸಣ್ಣಕ್ಷರ ಓದಿ. ‘ಲ್ಯಾಂಡ್ ಸರ್ಫೇಸ್’ ಎಂದಿದ್ದರೆ ಅದು ನೆಲದ ಬಿಸಿ. ದಿನಾಂಕ, ಗಂಟೆ ಇಲ್ಲದಿದ್ದರೆ ಯಾವ ವರ್ಷದ್ದೋ ಹೇಳಲಾಗದು. ಹಾಗೆಂದು ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ; ಹೊಲದಲ್ಲಿ ದುಡಿಯುವವರಿಗೆ 40 ಡಿಗ್ರಿಯ ಗಾಳಿಯೂ ಅಪಾಯವೇ.